ಉರಿಪಾದ, ಸಲ್ಫರ್ ಮತ್ತು ಒಂದು ಭಾಗಾಕಾರ

ಹೋಮಿಯೋಪತಿ ಬಗ್ಗೆ ಮಾತು ತೆಗೆದರೆ ಎರಡೇ ಥರದ ಉತ್ತರ ಬರುತ್ತೆ. ಒಂದು, "ನಮ್ಮತ್ತೆಗೆ ವಾಸಿಯಾಯ್ತು ಕಣ್ರೀ." ಇನ್ನೊಂದು, "ಸಕ್ಕರೆ ಗುಳಿಗೆ, ಬಿಟ್ಹಾಕಿ." ಎರಡನೆಯವರ ವಾದ ನಿಮಗೂ ಗೊತ್ತಿರುತ್ತೆ: 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣು ಉಳಿದಿರೋದೂ ಅನುಮಾನ, 30ಸಿ ಅಂದ್ರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲು ತೆಳು. ಆ ಜಗಳ ಇಲ್ಲಿ ಬೇಡ. ನನ್ನ ತಕರಾರು ಬೇರೆ ಕಡೆ ಇದೆ, ಮತ್ತು ಅದು ನಾನು ದಿನಾ ಮಾಡೋ ಕೆಲಸಕ್ಕೆ ಹತ್ತಿರದ್ದು. ಹೋಮಿಯೋಪತಿಯೊಳಗಿನ ಒಂದಷ್ಟು ಜನ, ಯಾವ ಲಕ್ಷಣಕ್ಕೆ ಯಾವ ಔಷಧ ಅನ್ನೋದನ್ನ ಅಂಕಿಅಂಶದಿಂದ ನಿರ್ಧಾರ ಮಾಡೋಣ ಅಂತ ಹೊರಟಿದ್ದಾರೆ. ಆ ಲೆಕ್ಕವನ್ನ ಕೂತು ಬಿಡಿಸಿ ನೋಡಿದೆ.

ಮೊದಲು ಹಳೇ ಪದ್ಧತಿ. ಹೋಮಿಯೋಪತಿ ವೈದ್ಯರ ಮೇಜಿನ ಮೇಲೆ ರೆಪರ್ಟರಿ ಅಂತ ಒಂದು ದಪ್ಪ ಪುಸ್ತಕ ಇರುತ್ತೆ. ಹಾನೆಮನ್ ಶಿಷ್ಯ ಬೋನಿಂಗ್‌ಹೌಸನ್ 1832ರಲ್ಲಿ ಒಂದನ್ನ ಪ್ರಕಟಿಸಿದ. ಇವತ್ತಿಗೂ ಬಳಕೆಯಲ್ಲಿರೋ ಅಮೆರಿಕದ ಕೆಂಟ್‌ನ ರೆಪರ್ಟರಿ ಬಂದದ್ದು 1897ರಲ್ಲಿ. ನಿಘಂಟನ್ನ ತಿರುಗಿಸಿ ಬರೆದ ಹಾಗಿರುತ್ತೆ ಅದು: ಲಕ್ಷಣ ಹುಡುಕಿದರೆ ಅದರ ಕೆಳಗೆ ಔಷಧಗಳ ಪಟ್ಟಿ. ಉದಾಹರಣೆಗೆ ರಾತ್ರಿ ಪಾದ ಉರಿಯುತ್ತೆ, ಹೊದಿಕೆಯಿಂದ ಕಾಲು ಹೊರಗೆ ಹಾಕಿ ಮಲಗ್ತಾರೆ ಅನ್ನೋದು ಸಲ್ಫರ್‌ನ ಹೆಸರಾಂತ ಲಕ್ಷಣ. (ನಮ್ಮ ಕಡೆ ಉರಿಗಾಲು ಅಂತಾರೆ, ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಮಲಗಿಸ್ತಾರೆ.) ದಪ್ಪ ಅಕ್ಷರದಲ್ಲಿದ್ದರೆ 3 ಅಂಕ, ಓರೆ ಅಕ್ಷರಕ್ಕೆ 2, ಸಾದಾ ಅಕ್ಷರಕ್ಕೆ 1. ರೋಗಿಯ ಎಲ್ಲಾ ಲಕ್ಷಣಗಳ ಅಂಕ ಕೂಡಿಸಿ ಯಾವ ಔಷಧಕ್ಕೆ ಜಾಸ್ತಿ ಬಂತು ನೋಡೋದು. 1980ರ ದಶಕದಿಂದ ಈಚೆಗೆ ರಡಾರ್, ಮ್ಯಾಕ್‌ರೆಪರ್ಟರಿ ಥರದ ಸಾಫ್ಟ್‌ವೇರ್‌ಗಳು ಈ ಕೂಡಿಕೆಯನ್ನೇ ಮಾಡ್ತಾ ಬಂದಿವೆ. ಪರದೆ ಮೇಲೆ ಬಣ್ಣಬಣ್ಣದ ಕಂಬಗಳು ಏಳ್ತವೆ, ಅಷ್ಟೇ ವ್ಯತ್ಯಾಸ.

ಈ ಕೂಡಿಕೆಯಲ್ಲಿ ಒಂದು ದೊಡ್ಡ ತೂತಿದೆ. ಸಲ್ಫರ್, ಲೈಕೋಪೋಡಿಯಂ, ಪಲ್ಸಟಿಲ್ಲಾ ಇವೆಲ್ಲ ಎಲ್ಲರೂ ಬಳಸೋ ಔಷಧಗಳು. ಜಾಸ್ತಿ ಜನಕ್ಕೆ ಕೊಟ್ಟಿದ್ದಾರೆ, ಹಾಗಾಗಿ ಜಾಸ್ತಿ ಲಕ್ಷಣಗಳ ಕೆಳಗೆ ಹೆಸರು ಸೇರಿದೆ, ಹಾಗಾಗಿ ಲೆಕ್ಕ ಹಾಕಿದಾಗಲೆಲ್ಲ ಅವೇ ಮೇಲೆ ಬರ್ತವೆ, ಹಾಗಾಗಿ ಇನ್ನೂ ಜಾಸ್ತಿ ಕೊಡ್ತಾರೆ. ಸರ್ಚ್ ಎಂಜಿನ್ ಬರೆದವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. "ಮತ್ತು", "ಆದರೆ" ಅನ್ನೋ ಪದಗಳು ಎಲ್ಲಾ ಪುಟದಲ್ಲೂ ಇರ್ತವೆ, ಅವುಗಳ ತೂಕ ಇಳಿಸದಿದ್ದರೆ ಯಾವ ಹುಡುಕಾಟಕ್ಕೂ ಅವೇ ಉತ್ತರ.

ಇದನ್ನ ಹೊರಗಿನವರು ಎತ್ತಿ ಆಡಿದ್ದಲ್ಲ. ಲೆಕ್ಸ್ ರುಟನ್ ಅನ್ನೋ ಡಚ್ ವೈದ್ಯ, ಸ್ವತಃ ಹೋಮಿಯೋಪತಿಯವರು, ಹೇಳಿದ್ದು. ಒಂದು ಲಕ್ಷಣ ಎಷ್ಟು ಸಲ ಕಂಡಿತು ಅನ್ನೋದು ಮುಖ್ಯ ಅಲ್ಲ, ಉಳಿದವರಿಗಿಂತ ಎಷ್ಟು ಪಟ್ಟು ಹೆಚ್ಚು ಕಂಡಿತು ಅನ್ನೋದು ಮುಖ್ಯ ಅಂದರು. ಇದಕ್ಕೆ ಲೈಕ್ಲಿಹುಡ್ ರೇಶಿಯೋ ಅಂತಾರೆ. ಬೇಯ್ಸ್ ಪಾದ್ರಿ ತೀರಿಕೊಂಡ ಮೇಲೆ 1763ರಲ್ಲಿ ಅಚ್ಚಾದ ಪ್ರಬಂಧದ ಮೊಮ್ಮಗು. ಸಲ್ಫರ್‌ನಿಂದ ವಾಸಿಯಾದವರಲ್ಲಿ 40% ಜನಕ್ಕೆ ಉರಿಪಾದ ಇತ್ತು, ಮಿಕ್ಕವರಲ್ಲಿ 10% ಜನಕ್ಕೆ ಇತ್ತು ಅಂತಿಟ್ಟುಕೊಳ್ಳಿ. ಭಾಗಿಸಿದರೆ 4. ಮೊದಲು ಸಲ್ಫರ್ ಹೊಂದುವ ಸಾಧ್ಯತೆ 5% ಇದ್ದರೆ, ಉರಿಪಾದ ಇದೆ ಅಂತ ತಿಳಿದ ಮೇಲೆ ಸುಮಾರು 17%. ರುಟನ್ ಬರೀ ಸೂತ್ರ ಬರೆದು ಕೂರಲಿಲ್ಲ. ಹಾಲೆಂಡ್‌ನ ಹತ್ತು ವೈದ್ಯರ ಜೊತೆ ಸೇರಿ, 4 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಸಾವಿನ ಭಯ, ನಿದ್ದೆಯಲ್ಲಿ ಹಲ್ಲು ಕಡಿಯೋದು ಮೊದಲಾದ 6 ಲಕ್ಷಣಗಳನ್ನ ಪ್ರತಿಯೊಬ್ಬರ ಹತ್ತಿರವೂ ಕೇಳಿ ದಾಖಲಿಸಿದರು. ಬೇಕಾದವರ ಹತ್ತಿರ ಮಾತ್ರ ಕೇಳಿ ಬೇಕಾದ್ದನ್ನ ಮಾತ್ರ ಬರೆದುಕೊಳ್ಳೋ ಹಳೇ ಚಾಳಿಗೆ ಹೋಲಿಸಿದರೆ ಇದು ಎಷ್ಟೋ ಪ್ರಾಮಾಣಿಕ. ಆ ಶ್ರಮಕ್ಕೆ ನನ್ನ ಗೌರವ ಇದೆ.

ಆದರೆ ಭಾಗಾಕಾರ ಸರಿ ಇದ್ದ ಮಾತ್ರಕ್ಕೆ ಭಾಗಿಸಿದ ಸಂಖ್ಯೆ ಸರಿ ಇರಬೇಕಲ್ಲ.

ಇದೇ ಅನುಪಾತವನ್ನ ಆಸ್ಪತ್ರೆಯಲ್ಲಿ ಹೇಗೆ ಬಳಸ್ತಾರೆ ನೋಡಿ. ಉರಿಪಾದ ಸಕ್ಕರೆ ಕಾಯಿಲೆಯಲ್ಲೂ ಬರುತ್ತೆ, ನರ ಕೆಟ್ಟಾಗ. ಈ ಲಕ್ಷಣ ಇದ್ದವರಿಗೆ ಸಕ್ಕರೆ ಕಾಯಿಲೆ ಇರೋ ಸಾಧ್ಯತೆ ಎಷ್ಟು ಏರುತ್ತೆ ಅಂತ ಲೆಕ್ಕ ಹಾಕಬೇಕಾದರೆ, ಯಾರಿಗೆ ನಿಜಕ್ಕೂ ಕಾಯಿಲೆ ಇದೆ ಅಂತ ಮೊದಲು ಬೇರೆ ದಾರಿಯಿಂದ ತಿಳೀಬೇಕು. ಅದಕ್ಕೆ ರಕ್ತಪರೀಕ್ಷೆ ಇದೆ: ಬರಿಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಮೇಲೆ, ಇನ್ನೊಮ್ಮೆ ನೋಡಿದರೂ ಹಾಗೇ ಇದ್ದರೆ ಹೌದು. ಆ ಮಷೀನಿಗೆ ನಿಮ್ಮ ಪಾದ ಉರಿಯುತ್ತೋ ಇಲ್ವೋ ಗೊತ್ತಿಲ್ಲ. ಗೊತ್ತಿಲ್ಲದಿರೋದೇ ಅದರ ಬೆಲೆ.

"ಈತ ಸಲ್ಫರ್ ರೋಗಿ" ಅಂತ ಹೇಳೋ ಮಷೀನು ಯಾವುದು? ಇಲ್ಲ. ಸಲ್ಫರ್ ಕೊಟ್ಟರು, ಆಮೇಲೆ ರೋಗಿ ಸುಧಾರಿಸಿದ, ಅಷ್ಟೇ ಗುರುತು. ಸಲ್ಫರ್ ಕೊಟ್ಟಿದ್ದು ಯಾಕೆ? ಪಾದ ಉರಿ ಇತ್ತು ಅಂತ. ನಮ್ಮ ಮಷೀನ್ ಲರ್ನಿಂಗ್ ಹುಡುಗರ ಭಾಷೆಯಲ್ಲಿ ಹೇಳೋದಾದರೆ, ಉತ್ತರ ಪ್ರಶ್ನೆಪತ್ರಿಕೆಯೊಳಗೇ ಸೋರಿದೆ.

ಎಷ್ಟು ಸೋರುತ್ತೆ ಅಂತ ನೋಡೋಕೆ ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಕೈಲೆಕ್ಕಕ್ಕೂ ಸಿಗುತ್ತೆ, ಪೆನ್ನು ತಗೊಳ್ಳಿ. ಕಾಲ್ಪನಿಕ ಊರು, 1000 ರೋಗಿಗಳು, ಅದರಲ್ಲಿ 100 ಜನಕ್ಕೆ ಉರಿಪಾದ. ಎಲ್ಲಾ ಗುಳಿಗೆಗಳೂ ಬರೀ ಸಕ್ಕರೆ, ಏನನ್ನೂ ಮಾಡಲ್ಲ. ಯಾವ ಗುಳಿಗೆ ನುಂಗಿದರೂ 40% ಜನ ತಮ್ಮಷ್ಟಕ್ಕೆ ತಾವೇ ಸುಧಾರಿಸ್ತಾರೆ. ವೈದ್ಯರು ಪುಸ್ತಕ ಓದಿದವರು, ಹಾಗಾಗಿ ಉರಿಪಾದದ 100 ಜನರಲ್ಲಿ 60 ಜನಕ್ಕೆ ಸಲ್ಫರ್ ಕೊಡ್ತಾರೆ, ಉಳಿದ 900ರಲ್ಲಿ 90 ಜನಕ್ಕೆ ಮಾತ್ರ. ಸಲ್ಫರ್ ತಗೊಂಡು ಸುಧಾರಿಸಿದವರು 24 ಮತ್ತು 36, ಒಟ್ಟು 60. ಅವರಲ್ಲಿ ಉರಿಪಾದದವರು 24, ಅಂದ್ರೆ 40%. ಮಿಕ್ಕ 940 ಜನರಲ್ಲಿ ಉರಿಪಾದದವರು 76, ಅಂದ್ರೆ ಸುಮಾರು 8%. ಭಾಗಿಸಿ. ಹೆಚ್ಚುಕಮ್ಮಿ 5!

ಏನೂ ಕೆಲಸ ಮಾಡದ ಗುಳಿಗೆಗೆ ಇಷ್ಟು ಚಂದದ ಅನುಪಾತ ಎಲ್ಲಿಂದ ಬಂತು? ವೈದ್ಯರ ಅಭ್ಯಾಸದಿಂದ. ಪುಸ್ತಕದಲ್ಲಿದ್ದದ್ದು ವೈದ್ಯರ ಕೈಗೆ ಹೋಯ್ತು, ಅಲ್ಲಿಂದ ದಾಖಲೆಗೆ ಬಂತು, ದಾಖಲೆಯಿಂದ ಮತ್ತೆ ಪುಸ್ತಕಕ್ಕೆ ಹೋಗೋಕೆ ರೆಡಿ. ಅದೇ ಊರಲ್ಲಿ ಲಕ್ಷಣ ನೋಡದೆ ಕಣ್ಮುಚ್ಚಿ ಅಷ್ಟೇ ಸಲ್ಫರ್ ಹಂಚಿದ್ದರೆ 100ರಲ್ಲಿ 15 ಜನಕ್ಕೆ, 900ರಲ್ಲಿ 135 ಜನಕ್ಕೆ ಹೋಗ್ತಿತ್ತು. ಸುಧಾರಿಸಿದವರು 6 ಮತ್ತು 54. ಈಗ ಅನುಪಾತ ಸರಿಯಾಗಿ 1, ಅಂದ್ರೆ ಏನೂ ಸಂಬಂಧ ಇಲ್ಲ. ಗುಳಿಗೆ ಅದೇ, ರೋಗಿಗಳು ಅವರೇ. ಹಂಚಿದ ರೀತಿ ಬದಲಾಯ್ತು, ಅಷ್ಟೇ.

ಪೂರ್ವಾಗ್ರಹದ ಅಪಾಯ ರುಟನ್‌ಗೆ ಗೊತ್ತಿಲ್ಲ ಅಂತಲ್ಲ, ಅವರೇ ಅದರ ಬಗ್ಗೆ ಬರೆದಿದ್ದಾರೆ. ಆದರೆ ಎಲ್ಲರ ಲಕ್ಷಣವನ್ನೂ ದಾಖಲಿಸೋದರಿಂದ ದಾಖಲೆಯ ಪಕ್ಷಪಾತ ಹೋಗುತ್ತೆ, ಔಷಧ ಆರಿಸುವಾಗಿನ ಪಕ್ಷಪಾತ ಹಾಗೇ ಉಳಿಯುತ್ತೆ. ಇನ್ನೂ ಸಾವಿರ, ಹತ್ತು ಸಾವಿರ ರೋಗಿಗಳನ್ನ ಸೇರಿಸಿದರೂ ಹೋಗಲ್ಲ. ಆ 5 ಇನ್ನಷ್ಟು ಗಟ್ಟಿಯಾಗಿ 5 ಆಗುತ್ತೆ.

ಇಷ್ಟಕ್ಕೆಲ್ಲ ಯಾಕೆ ತಲೆಕೆಡಿಸ್ಕೋಬೇಕು ಅಂತೀರಾ? ಈ ಔಷಧ ನಮಗೆ ಹೊಸದಲ್ಲ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದಿದ್ದರು. ಹೊಸದು ಅಂದ್ರೆ ಪರದೆ. ನಮ್ಮೂರಿನ ಹಿರಿಯರೊಬ್ಬರು ಉರಿಗಾಲು, ಬಾಯಾರಿಕೆ ಅಂತ ತಾಲ್ಲೂಕು ಕೇಂದ್ರದ ಒಂದು ಕ್ಲಿನಿಕ್ಕಿಗೆ ಎಂಟು ತಿಂಗಳು ಓಡಾಡಿದರು. ಸಕ್ಕರೆ ಪರೀಕ್ಷೆ ಮಾಡಿಸಿದ್ದು ಹೆಬ್ಬೆರಳ ಗಾಯ ಮಾಯದೇ ಹೋದಾಗ. ಅಷ್ಟು ದಿನ ಯಾಕೆ ನಂಬಿದ್ರಿ ಅಂತ ಕೇಳಿದೆ. "ಬಾಯಲ್ಲಿ ಹೇಳಿದ್ದಲ್ಲಪ್ಪ, ಕಂಪ್ಯೂಟರ್‌ನಲ್ಲೇ ಬಂತು" ಅಂದರು. ಎಷ್ಟೋ ಹೋಮಿಯೋಪತಿ ವೈದ್ಯರು ಮೊದಲು ಶುಗರ್ ಚೆಕ್ ಮಾಡಿಸಿಯೇ ಮಾತು ಶುರು ಮಾಡ್ತಾರೆ, ಅದೂ ನಿಜ. ಆದರೆ ಆ ಕಂಬಗಳಿಗೆ ನಾಳೆ ಅಂಕಿಅಂಶದ ಮುದ್ರೆಯೂ ಬಿದ್ದು ಉರಿಪಾದದ ಪಕ್ಕ "ಸಲ್ಫರ್, 5 ಪಟ್ಟು" ಅಂತ ಮೂಡಿದರೆ, ಅಂಥ ಹಿರಿಯರಿಗೆ ನಾನೇನು ಹೇಳಲಿ? ನನ್ನ ಕಸುಬಿನ ಮೇಲಿರೋ ನಂಬಿಕೆಯನ್ನ ತಗೊಂಡು ಹೋಗಿ ಅಲ್ಲಿ ಖರ್ಚು ಮಾಡ್ತಿದ್ದಾರೆ ಅನ್ನಿಸುತ್ತೆ.

ದಾರಿ ಇಲ್ಲವೇ ಅಂದರೆ ಇದೆ, ದುಬಾರಿಯದ್ದೂ ಅಲ್ಲ. ಸಾಫ್ಟ್‌ವೇರ್‌ನಲ್ಲಿ ಎರಡು ಔಷಧಕ್ಕೆ ಸಮ ಸಮ ಅಂಕ ಬರೋದು ದಿನಾ ಇದ್ದದ್ದೇ, ಆಗ ಯಾವುದು ಅಂತ ವೈದ್ಯರಿಗೂ ಖಚಿತ ಇರಲ್ಲ. ಅಂಥ ರೋಗಿಗಳಲ್ಲಿ ಮಾತ್ರ, ಒಪ್ಪಿಗೆ ಕೇಳಿ, ಪ್ರೋಗ್ರಾಂ ಒಂದು ನಾಣ್ಯ ಚಿಮ್ಮಲಿ. ಯಾವ ಗುಳಿಗೆ ಹೋಯ್ತು ಅಂತ ರೋಗಿಗೂ ವೈದ್ಯರಿಗೂ ಹೇಳೋದು ಬೇಡ, ಮೂರು ತಿಂಗಳ ನಂತರ ಸುಧಾರಣೆ ಬರೆದುಕೊಂಡ ಮೇಲೆ ಲಕೋಟೆ ಒಡೆಯಲಿ. ಆಮೇಲೆ ಸಲ್ಫರ್ ಹೋದವರನ್ನ ಮಾತ್ರ ಎತ್ತಿಕೊಂಡು, ಉರಿಪಾದ ಇದ್ದವರು ಇಲ್ಲದವರಿಗಿಂತ ಜಾಸ್ತಿ ಸುಧಾರಿಸಿದರಾ, ಇನ್ನೊಂದು ಗುಳಿಗೆ ಹೋದವರಲ್ಲಿ ಆ ವ್ಯತ್ಯಾಸ ಇಲ್ವಾ ಅಂತ ನೋಡಲಿ. ನನ್ನ ಕಾಲ್ಪನಿಕ ಊರಲ್ಲಿ 60ಕ್ಕೆ 24, 90ಕ್ಕೆ 36, ಎರಡೂ ಒಂದೇ. ನಿಜವಾದ ಊರಲ್ಲಿ ಬೇರೆ ಬಂದರೆ ಅದನ್ನ ಓದೋಕೆ ನಾನು ಕಾಯ್ತಿದ್ದೀನಿ. ಪ್ರೋಗ್ರಾಂ ಬೇಕಿದ್ದರೆ ಒಂದು ಶನಿವಾರ ಕೂತು ಬರೆದುಕೊಡ್ತೀನಿ, ಪುಕ್ಕಟೆ.