ಮುಖ ಮುಚ್ಚಿಟ್ಟದ್ದನ್ನು ಕೈ ಹೇಳಿತು

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು, ಕೌಂಟರಿನ ಆಚೆ ನಿಂತವರ ಮುಖ ನೋಡಿದವನು ನಾನು. ಸಾಲಕ್ಕೆ ಬಂದವರು ನಗುನಗುತ್ತಲೇ ಮಾತಾಡುತ್ತಾರೆ. ಕಷ್ಟ ಗೊತ್ತಾಗೋದು ಅರ್ಜಿ ಹಿಡಿದ ಬೆರಳುಗಳಲ್ಲಿ. ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ದೆಹಲಿಯ ಸಾಕೇತದ ಕಿರಣ್ ನಾಡಾರ್ ಕಲಾ ಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಅಮೃತಾ ಶೇರ್‌ಗಿಲ್ ತಮ್ಮನ್ನೇ ಬರೆದುಕೊಂಡ ಚಿತ್ರದ ಮುಂದೆ ಈ ಹಳೇ ಅಭ್ಯಾಸ ಕೆಲಸಕ್ಕೆ ಬಂತು.

‘ತಾಹಿತಿಯವಳಾಗಿ ಸ್ವಚಿತ್ರ’ ಎಂಬ ಈ ತೈಲಚಿತ್ರ 1934ರದು. ಆಗ ಅವರಿಗೆ 21 ವರ್ಷ. ತಾಯಿ ಹಂಗೇರಿಯವರು, ತಂದೆ ಪಂಜಾಬಿನ ಸಿಖ್ಖರು. ಹುಟ್ಟಿದ್ದು ಬುಡಾಪೆಸ್ಟ್, ಕಲಿತದ್ದು ಪ್ಯಾರಿಸ್. ತಾಹಿತಿಗೆ ಹೋದವರೇ ಅಲ್ಲ. ಆ ದ್ವೀಪದ ಹೆಂಗಸರನ್ನು ಬರೆದು ಹೆಸರಾದವನು ಪಾಲ್ ಗೊಗೇನ್. ಅವನ ಚಿತ್ರದ ಹೆಣ್ಣಿನ ಹಾಗೆ ಇವರು ನಿಂತಿದ್ದಾರೆ. ಇದೇನು ಎರವಲು ವೇಷ ಅಂತ ಮೊದಲು ಕಸಿವಿಸಿಯಾಯಿತು.

ಆಮೇಲೆ ನಿಧಾನವಾಗಿ ನೋಡಿದೆ. ಎದೆ ತೆರೆದಿದೆ, ಮುಖ ಬಾಗಿಲು ಹಾಕಿಕೊಂಡಿದೆ. ಕಣ್ಣು ನಮ್ಮ ಕಡೆ ಇಲ್ಲ, ಚೌಕಟ್ಟಿನಾಚೆ ಎಲ್ಲೋ ನೆಟ್ಟಿದೆ. ಕಣ್ಣೀರಿಲ್ಲ, ಬೇಡಿಕೆಯೂ ಇಲ್ಲ. ಇದಕ್ಕೆ ದುಃಖ ಅಂತ ಹೆಸರಿಟ್ಟರೆ ಚಿತ್ರ ಸಣ್ಣದಾಗುತ್ತದೆ. ಕೈಗಳನ್ನು ನೋಡಿ: ಮಣಿಕಟ್ಟಿನ ಬಳಿ ಒಂದರ ಮೇಲೊಂದು, ಕಟ್ಟಿಹಾಕಿದಂತೆ. ಬ್ರಷ್ಷು ಹಿಡಿದ ಕೈಯನ್ನೇ ಕೆಲಸವಿಲ್ಲದ ಹಾಗೆ ಬರೆದಿದ್ದಾರಲ್ಲ! ಒಳಗಿನ ತಳಮಳವೆಲ್ಲ ಅಲ್ಲಿದೆ. ಗೊಗೇನ್‌ನ ಹೆಂಗಸರನ್ನು ಬೇರೆಯವನು ನೋಡಿ ಬರೆದ. ಇಲ್ಲಿ ನೋಡಿಸಿಕೊಂಡವಳೂ ಬರೆದವಳೂ ಒಬ್ಬಳೇ. ಹಾಗಾಗಿ ವೇಷ ಎರವಲಾದರೂ ಸಹಿ ಸ್ವಂತದ್ದು.

ಹಿನ್ನೆಲೆಯ ಪುಟ್ಟ ಆಕೃತಿಗಳು ಇಲ್ಲದಿದ್ದರೂ ನಡೆಯುತ್ತಿತ್ತು ಅಂತ ನನ್ನ ಅಭಿಪ್ರಾಯ. ಆದರೆ ಬೆನ್ನ ಹಿಂದಿನ ಗಂಡಸಿನ ಕಪ್ಪು ನೆರಳು ಬೇಕೇ ಬೇಕು. ನೆರಳು ಹಿಂದೆ ಬಿದ್ದಿದೆ ಅಂದರೆ ಆ ಗಂಡಸು ಮುಂದೆ, ನಾನು ನಿಂತ ಜಾಗದಲ್ಲೇ ನಿಂತಿರಬೇಕು. ಗೊತ್ತಾದಾಗ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

ಅದೇ ವರ್ಷದ ಕೊನೆಗೆ ಅಮೃತಾ ಭಾರತಕ್ಕೆ ಬಂದರು. 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಬರೀ 28.

ದೆಹಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ನಾನು ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ತಿಪಟೂರಿಗೆ ಫೋನ್ ಮಾಡುತ್ತಿದ್ದೆ. “ಚೆನ್ನಾಗಿದ್ದೀನಮ್ಮ” ಅಂತ ನಗುತ್ತಲೇ ಹೇಳುತ್ತಿದ್ದೆ. ಬೆರಳು ಮಾತ್ರ ಫೋನಿನ ವೈರನ್ನು ಸುತ್ತಿ ಸುತ್ತಿ ಬಿಗಿಯುತ್ತಿತ್ತು. ಅಮ್ಮನಿಗೆ ನನ್ನ ಕೈ ಕಾಣುತ್ತಿರಲಿಲ್ಲ.