ಘರಾನಾ ಬಿಟ್ಟವನ ಸಂಜೆಗಳು

ದಾದರಿನಲ್ಲಿ ಕುಮಾರ ಗಂಧರ್ವರ ಹೆಸರೆತ್ತಿದರೆ ಸಾಕು, ಕೇಳುಗರು ಎರಡು ಪಾಳೆಯವಾಗುತ್ತಾರೆ. ಒಂದು ಪಾಳೆಯಕ್ಕೆ ಅವರ ಕಬೀರನ ನಿರ್ಗುಣ ಭಜನೆಗಳೇ ಸರ್ವಸ್ವ, ಖ್ಯಾಲ್ ಬರೀ ಪೀಠಿಕೆ. ಇನ್ನೊಂದರ ಪ್ರಕಾರ ಅವರು ದೊಡ್ಡ ಪ್ರತಿಭೆ ಹೌದು, ಆದರೆ ವಿಲಂಬಿತ್ ಅವರ ಕೈಗೆ ಹತ್ತಲಿಲ್ಲ, ರಾಗವನ್ನು ತುಂಡು ತುಂಡಾಗಿಯೇ ಕಂಡರು. ಶಿವಾಜಿ ಮಂದಿರದ ಮೆಟ್ಟಿಲಿನಲ್ಲೂ ಮಾಟುಂಗಾದ ಹಾಲ್‌ಗಳ ಚಹಾದ ಮೇಜಿನ ಬಳಿಯೂ ಈ ವಾದವನ್ನು ಬಹಳ ಸಲ ಕೇಳಿದ್ದೇನೆ. ಇಬ್ಬರೂ ಕೇಳುವುದು ಬಿಡಿ ಹಾಡುಗಳನ್ನು. ಕುಮಾರರ ನಿಜವಾದ ಕೃತಿ ಬಿಡಿ ಹಾಡಲ್ಲ, ಇಡೀ ಸಂಜೆ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಮೊದಲು ಹಾಡು ಕಲಿತದ್ದು ಗುರುವಿನೆದುರು ಕೂತು ಅಲ್ಲ, ಗ್ರಾಮಫೋನ್ ತಟ್ಟೆಗಳಿಗೆ ಕಿವಿಗೊಟ್ಟು. ದೊಡ್ಡ ಗವಾಯಿಗಳ ಮುದ್ರಿಕೆಗಳನ್ನು ಕೇಳಿ ಹಾಗೆಯೇ ಒಪ್ಪಿಸುತ್ತಿದ್ದ ಆ ಹುಡುಗನಿಗೆ ಮಠದ ಸ್ವಾಮಿಗಳೊಬ್ಬರು ಕುಮಾರ ಗಂಧರ್ವ ಎಂದು ಹೆಸರಿಟ್ಟರು. ಹನ್ನೆರಡು ತುಂಬುವ ಮೊದಲೇ ಮುಂಬಯಿಗೆ ಬಂದು ಗಿರಗಾಂವದ ಬಿ.ಆರ್. ದೇವಧರರ ಶಾಲೆ ಸೇರಿದ. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಹೆಸರಿಗೆ ಗ್ವಾಲಿಯರ್ ಪರಂಪರೆಯವರು, ಮನಸ್ಸಿಗೆ ಯಾವ ಬೇಲಿಯೂ ಇಲ್ಲದವರು. ಎಲ್ಲ ಘರಾನೆಗಳ ಗವಾಯಿಗಳೂ ಅವರ ಶಾಲೆಗೆ ಬಂದು ಕೂರುತ್ತಿದ್ದರು. 1947ರ ಹೊತ್ತಿಗೆ ಕ್ಷಯ. ಮರುವರ್ಷ ಮಾಳವೆಯ ದೇವಾಸ್, ಒಣ ಹವೆ, ಹಾಸಿಗೆ, ಹಾಡಕೂಡದೆಂಬ ವೈದ್ಯರ ಕಟ್ಟಪ್ಪಣೆ. ಸ್ಟ್ರೆಪ್ಟೋಮೈಸಿನ್ ಜೀವ ಉಳಿಸಿತು, ಒಂದು ಶ್ವಾಸಕೋಶ ಮಾತ್ರ ಹೋದಂತೆಯೇ. 50ರ ದಶಕದ ಆರಂಭದಲ್ಲಿ ಅವರು ಮತ್ತೆ ಹಾಡಲು ಕೂತಾಗ ಹಳೆಯ ಗಾಯಕನಾಗಿರಲಿಲ್ಲ.

ಚಿಕ್ಕ ಚಿಕ್ಕ ಪಲುಕು, ಥಟ್ಟನೆ ನಿಲ್ಲುವ ಸ್ವರ, ಮಧ್ಯದ ಮೌನ: ಇವಕ್ಕೆಲ್ಲ ಆ ಒಂದು ಶ್ವಾಸಕೋಶವೇ ಕಾರಣ ಎಂಬ ವಿವರಣೆ ಬಾಯಿಂದ ಬಾಯಿಗೆ ಸಾಗಿ ಈಗ ಪುರಾಣವಾಗಿದೆ. ನನಗದು ಅರ್ಧ ಸತ್ಯ ಅನಿಸುತ್ತದೆ. 78ರ ತಟ್ಟೆಯಲ್ಲಿ ಒಂದು ಬದಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲೇ ರಾಗ ಪೂರ್ತಿ ಮೈದಳೆಯಬೇಕು, ಬಂದಿಶಿನ ಮುಖವೂ ಕಾಣಬೇಕು, ತಾನಿನ ಮಿಂಚೂ ಹಾಯಬೇಕು. ಆ ಅವಧಿಯನ್ನೇ ಉಸಿರಾಗಿ ಮಾಡಿಕೊಂಡು ಬೆಳೆದ ಮಗುವಿಗೆ ಅಡಕವೇ ತಾಯಿನುಡಿ. ರೋಗ ಅದನ್ನು ಹುಟ್ಟಿಸಲಿಲ್ಲ, ಇನ್ನಷ್ಟು ಬಿಗಿಗೊಳಿಸಿತು. ಆಮೇಲೆ ಬಂದ ಎಲ್‌ಪಿ ತಟ್ಟೆಯ ಇಪ್ಪತ್ತು ಚಿಲ್ಲರೆ ನಿಮಿಷ ಬೇರೆ ಗವಾಯಿಗಳಿಗೆ ಸೆರೆಮನೆಯಾದರೆ ಕುಮಾರರಿಗೆ ವಿಶಾಲವಾದ ಅಂಗಳ. ಭೀಮಸೇನ ಜೋಶಿಯವರ ತಟ್ಟೆ ಮುಗಿದಾಗ ಬೈಠಕ್ ನಡುವೆ ಎದ್ದು ಬಂದಂತಾಗುತ್ತದೆ. ಕುಮಾರರದು ಮುಗಿದಾಗ ಹಾಗನಿಸುವುದಿಲ್ಲ.

ಅಡಕದ ಗಾಯಕನಿಗೆ ಉದ್ದದ ಪ್ರಶ್ನೆ ಇದ್ದೇ ಇರುತ್ತದೆ. ಮೂರು ಗಂಟೆಯನ್ನು ಏನಿಂದ ಕಟ್ಟುವುದು? ಕಿರಾನಾ ಗವಾಯಿ ಒಂದೊಂದೇ ಸ್ವರದ ಬಡತ್‌ನಿಂದ, ಜೈಪುರದವರು ಲಯದೊಳಗೆ ಹೆಣೆದ ತಾನ್‌ಗಳಿಂದ ಕಟ್ಟುತ್ತಾರೆ. ಘರಾನಾ ಎಂದರೆ ಹೀಗೆ ಸಿದ್ಧವಾಗಿ ಸಿಗುವ ಕಟ್ಟಡದ ನಕ್ಷೆ. ಅದು ಬೇಡವೆಂದವನು ತನ್ನ ನಕ್ಷೆಯನ್ನು ತಾನೇ ಬರೆಯಬೇಕು.

ಕುಮಾರರು ಬರೆದ ನಕ್ಷೆಯೇ 60ರ ದಶಕದಿಂದ ಒಂದೊಂದಾಗಿ ಬಂದ ವಿಷಯಾಧಾರಿತ ಕಾರ್ಯಕ್ರಮಗಳು: ಗೀತ್ ವರ್ಷಾ, ಗೀತ್ ಹೇಮಂತ್, ಗೀತ್ ವಸಂತ್, ಮಾಳವೆಯ ಜನಪದ ಧಾಟಿಗಳು, ಕಬೀರ–ಸೂರ–ಮೀರಾ ಸೇರಿದ ತ್ರಿವೇಣಿ, ಮರಾಠಿ ಕವಿ ತಾಂಬೆಯ ಗೀತರಜನಿ, ತುಕಾರಾಂ ದರ್ಶನ, ತುಳಸೀದಾಸ್, ‘ಮಲಾ ಉಮಜಲೇಲೇ ಬಾಲಗಂಧರ್ವ’. ಹಾಸಿಗೆಯಲ್ಲಿದ್ದ ವರ್ಷಗಳಲ್ಲಿ ಕಿವಿಗೆ ಬಿದ್ದ ಮಾಳವೆಯ ಹೆಂಗಸರ ಹಾಡುಗಳನ್ನು ಅವರು ಕೂಡಿಟ್ಟರು. ರಾಗಗಳೆಲ್ಲ ಮೂಲದಲ್ಲಿ ಇಂಥ ಧುನ್‌ಗಳಿಂದಲೇ ಎದ್ದವೆಂದು ವಾದಿಸಿ, ಧುನ್‌ನಿಂದ ಹುಟ್ಟಿದ ಹೊಸ ರಾಗಗಳನ್ನು ತಂದರು. ಮಾಲವತಿ, ಸಂಜಾರಿ, ಲಗನಗಂಧಾರ ಬಂದದ್ದು ಹೀಗೆ. ಸ್ವಂತ ಬಂದಿಶುಗಳನ್ನು ‘ಅನೂಪರಾಗವಿಲಾಸ’ವಾಗಿ 1965ರಲ್ಲಿ ಪ್ರಕಟಿಸಿದರು. ಗೀತ್ ವರ್ಷಾದಲ್ಲಿ ಈ ಎಳೆಗಳೆಲ್ಲ ಕೂಡುತ್ತವೆ. ಬೇಸಗೆಯ ಬೇಗೆ, ಕಾಯುವಿಕೆ, ಮಳೆ. ಹಳ್ಳಿಯ ಹಾಡು ಮುಗಿದ ಮೇಲೆ ಮಲ್ಹಾರದ ಬಂದಿಶ್ ಬಂದರೆ ಅದು ಆಸ್ಥಾನದ ಸೊತ್ತಾಗಿ ಕೇಳಿಸುವುದಿಲ್ಲ, ಅದೇ ಹಳ್ಳಿಯ ಮೇಲಿನ ಮೋಡವಾಗಿ ಕೇಳಿಸುತ್ತದೆ. ಅನುಕ್ರಮವೇ ಇಲ್ಲಿ ಅರ್ಥ ಹುಟ್ಟಿಸುವುದು. ಆ ಮಲ್ಹಾರವನ್ನೊಂದೇ ಕಿತ್ತು ಕೇಳಿದರೆ ಅರ್ಧ ಹೋಯಿತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಗುಂಪುಗಳೂ ಬಿಡಿ ಹಾಡು ಬೇಡ, ಇಡೀ ಆಲ್ಬಮ್ಮೇ ಒಂದು ಕೃತಿ ಎಂದು ಹೊರಟಿದ್ದವು. ಜೆನೆಸಿಸ್ 1974ರಲ್ಲಿ ಎರಡು ತಟ್ಟೆ ತುಂಬ ಒಂದೇ ಕಥೆ ಹಾಡಿತು. ಮರುವರ್ಷ ಗುಂಪು ಬಿಟ್ಟ ಗಾಯಕ ಪೀಟರ್ ಗೇಬ್ರಿಯಲ್ 1977ರಿಂದ 1982ರವರೆಗೆ ನಾಲ್ಕು ಆಲ್ಬಮ್ ತಂದ, ನಾಲ್ಕಕ್ಕೂ ತನ್ನ ಹೆಸರನ್ನೇ ಇಟ್ಟ. (ಅಂಗಡಿಯವನ ಪಾಡು ದೇವರಿಗೇ ಗೊತ್ತು.) ಅವುಗಳಲ್ಲಿ ಉದ್ದದ ಕಥೆಗಳಿಲ್ಲ, ಇರುವುದು ಚಿಕ್ಕ ಚೊಕ್ಕ ಹಾಡುಗಳು. ಗುಂಪು ಬಿಟ್ಟು ಅವನು ಉದ್ದದಿಂದ ಬಿಡುಗಡೆ ಪಡೆದ. ಘರಾನಾ ಬಿಟ್ಟ ಕುಮಾರರು ಉದ್ದವನ್ನು ಹೊಸದಾಗಿ ಗಳಿಸಬೇಕಾಯಿತು. ಒಂಟಿಯಾಗಿ ಹೊರಟವರ ಕಷ್ಟಗಳೆಲ್ಲ ಒಂದೇ ನಮೂನೆಯಲ್ಲ.

ಎಲ್ಲ ಸಂಜೆಗಳೂ ಸಮ ತೂಗಿದವು ಅನ್ನಲಾರೆ. ತುಳಸೀದಾಸದಲ್ಲಿ ವಿಷಯದ ಗೌರವ ಸಂಗೀತದ ಮೇಲೆ ಕೂತುಬಿಡುತ್ತದೆ. ಬಾಲಗಂಧರ್ವ ಕಾರ್ಯಕ್ರಮದ ಧೈರ್ಯವೇ ಬೇರೆ. ಮರಾಠಿ ರಂಗಭೂಮಿಯ ಆರಾಧ್ಯ ಕಂಠವನ್ನು ನಕಲು ಮಾಡದೆ, ಆ ಹಾಡುಗಾರಿಕೆಯನ್ನು ವಿಮರ್ಶಕನಂತೆ ಬಿಡಿಸಿ ಮತ್ತೆ ಜೋಡಿಸುವ ಕೆಲಸವದು. ಹೆಸರಿನಲ್ಲೇ ‘ನನಗೆ ತಿಳಿದ’ ಎಂದು ಗೆರೆ ಎಳೆದಿದ್ದಾರೆ. ಬಾಲಗಂಧರ್ವರನ್ನು ನಾಟಕ ಸಂಗೀತದ ಮಧುರ ನೆನಪಾಗಿ ಬಯಸಿ ಬಂದವನಿಗೆ ಇದು ರುಚಿಸಬೇಕಿಲ್ಲ. ನನಗೆ ಹಾಡಿನಲ್ಲೇ ಬರೆದ ವಿಮರ್ಶೆಗಳಲ್ಲಿ ಇದಕ್ಕಿಂತ ಮೇಲಾದದ್ದು ತಿಳಿಯದು. ಭೀಮಸೇನರ ಸಂತವಾಣಿಯನ್ನು ತುಕಾರಾಂ ದರ್ಶನದ ಪಕ್ಕ ಇಟ್ಟರೆ ವ್ಯತ್ಯಾಸ ಹೊಳೆಯುತ್ತದೆ. ಮೊದಲನೆಯದರಲ್ಲಿ ಒಂದಾದ ಮೇಲೊಂದು ಪ್ರಿಯವಾದ ಅಭಂಗ, ಜನರ ಕಣ್ಣಲ್ಲಿ ನೀರು. ಎರಡನೆಯದರಲ್ಲಿ ಒಬ್ಬ ಮನುಷ್ಯನ ಜಗಳಗಂಟ ಭಕ್ತಿಯ ಚಿತ್ರ.

ಹಾಗಾದರೆ ಪರಂಪರೆ ಏನಾಯಿತು? ಜನ್ಮಶತಾಬ್ದಿಯ 2023–24ರಲ್ಲಿ ಎಲ್ಲೆಲ್ಲೂ ಕುಮಾರರ ನೆನಪಿನ ಕಾರ್ಯಕ್ರಮಗಳಾದವು. ಕಿವಿಗೆ ಬಿದ್ದದ್ದು ಬಹುಪಾಲು ಆ ಕಂಠದ ಚಹರೆ: ಮೇಲಿನ ಷಡ್ಜಕ್ಕೆ ಬಾಣ ಬಿಟ್ಟಂತೆ ಒಂದು ಕೂಗು, ಆಮೇಲೆ ನಾಟಕೀಯ ಮೌನ, ಕೊನೆಗೊಂದು ಕಬೀರ. ಎರಡೂ ಶ್ವಾಸಕೋಶ ಗಟ್ಟಿಯಿರುವ ಹುಡುಗರು ಅರ್ಧ ಉಸಿರಿನವರಂತೆ ಹಾಡುವುದು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಕಲಿನ ಹಂಗಿಲ್ಲದವರೂ ಇದ್ದಾರೆ. ಮಗ ಮುಕುಲ್ ಶಿವಪುತ್ರ ತಮ್ಮದೇ ದಾರಿ ಹಿಡಿದರು. ಮುಂಬಯಿಯ ಸತ್ಯಶೀಲ ದೇಶಪಾಂಡೆ ಹತ್ತಾರು ಘರಾನೆಗಳ ಹಿರಿಯರ ಹಾಡು, ಮಾತುಗಳನ್ನು ಧ್ವನಿಮುದ್ರಿಸಿ ಸಂಗ್ರಹ ಕಟ್ಟಿದರು. ಘರಾನಾ ಬಿಟ್ಟ ಗುರುವಿನ ಶಿಷ್ಯ ಎಲ್ಲ ಘರಾನೆಗಳಿಗೂ ಕಿವಿಯಾದದ್ದು ಚೆಂದದ ಗುರುದಕ್ಷಿಣೆ. ಆದರೂ ಸಂಜೆಯನ್ನೇ ಕಟ್ಟುವ ಕಸುಬು, ಅಂದರೆ ಓದು, ಆಯ್ಕೆ, ಯಾವುದರ ಮುಂದೆ ಯಾವುದು ಎಂಬ ವಿವೇಚನೆ, ಸೊರಗಿದೆ. ಇಂದಿನ ‘ಥೀಮ್’ ಕಛೇರಿಗಳಲ್ಲಿ ವಿಷಯ ಇರುವುದು ನಿರೂಪಕರ ಚೀಟಿಯಲ್ಲಿ.

ನಮ್ಮವರು ‘ನಮ್ಮ ಕುಮಾರ’ ಎನ್ನುವಾಗ ನನಗೆ ಕೊಂಚ ಮುಜುಗರ. ಹೆಸರಾದ ಆ ಸಂಜೆಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಮರಾಠಿ, ಹಿಂದಿ, ಮಾಳವಿ ಇವೆ, ಕನ್ನಡಕ್ಕೆಂದೇ ಒಂದೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದರು, ಭೀಮಸೇನರು ದಾಸವಾಣಿ ಕೊಟ್ಟರು. ದಾದರಿನ ಮನೆಗಳಲ್ಲಿ ಇವತ್ತಿಗೂ ಮೊಳಗುವ ‘ಋಣಾನುಬಂಧಾಚ್ಯಾ’ ಯುಗಳಗೀತೆ ಕನ್ನಡದ ಕುಮಾರ, ತಮಿಳಿನ ವಾಣಿ ಜಯರಾಂ ಕೂಡಿ ಹಾಡಿದ ಮರಾಠಿ ನಾಟಕದ ಹಾಡು. ಮುಂಬಯಿ ಎಂದರೆ ಅದೇ ತಾನೆ. ಅವರು ಎಲ್ಲಿ ಬದುಕಿದರೋ ಅಲ್ಲಿನ ನೆಲಕ್ಕೆ ಕಿವಿಗೊಟ್ಟರು. ಅಲ್ಲಮನನ್ನು ಅವರು ಹೇಗೆ ಕಟ್ಟುತ್ತಿದ್ದರೋ ಎಂದು ಹಲುಬುವುದಕ್ಕಿಂತ, ಧಾರವಾಡದ ಯುವ ಗಾಯಕರೊಬ್ಬರು ಆ ಕಸುಬನ್ನು ಕಲಿತು ಅಲ್ಲಮನ ಒಂದು ಸಂಜೆ ಕಟ್ಟಿದರೆ ಕೆಲಸವಾದೀತು.

ಹೊಸದಾಗಿ ಕೇಳುವವರಿಗೆ ನನ್ನ ಸಲಹೆ ಇಷ್ಟೇ. ಕಬೀರನಿಂದ ಶುರು ಮಾಡಬೇಡಿ. ಮೊದಲು ಗೀತ್ ವರ್ಷಾ, ಆದಿಯಿಂದ ಅಂತ್ಯದವರೆಗೆ, ಒಂದೇ ಕೂರಿಕೆಯಲ್ಲಿ, ಮೊಬೈಲು ಹಾಡಿನ ಅನುಕ್ರಮ ಕಲಸದಂತೆ ನೋಡಿಕೊಂಡು. ಬಳಿಕ ಬಾಲಗಂಧರ್ವ. ಭಜನೆಗಳನ್ನು ಬಿಡಿಯಾಗಿ ಕೇಳುವುದಕ್ಕಿಂತ ತ್ರಿವೇಣಿಯ ಒಳಗೆ, ಸೂರ ಮೀರಾರ ನೆರೆಯಲ್ಲಿ ಕೇಳಿ. ತುಳಸೀದಾಸ್ ಕೊನೆಗೆ ಸಾಕು.