ಉರಗಧರನ ಕಿತ್ತಳೆ ಜೋಡಿ

ಜೋಡಿ ನಕ್ಷತ್ರ ನೋಡುವ ಹುಚ್ಚು ಹತ್ತಿದವರು ಮೊದಲು ಓಡುವುದು ರಾಜಹಂಸದ ಆಲ್ಬಿರಿಯೋ ಕಡೆಗೆ. ಒಂದು ಹೊಂಬಣ್ಣ, ಇನ್ನೊಂದು ನೀಲಿ. ಮನೆಗೆ ಬಂದ ನೆಂಟರಿಗೆ ತೋರಿಸಲು ಹೇಳಿ ಮಾಡಿಸಿದ್ದು. ಆದರೆ ಅದು ಕದಲುವುದಿಲ್ಲ. ತಾತ ಕಂಡದ್ದನ್ನೇ ಮೊಮ್ಮಗನೂ ಕಾಣಬೇಕು. ನನ್ನ ಪಕ್ಷಪಾತ ಉರಗಧರ ಪುಂಜದ 70ನೇ ನಕ್ಷತ್ರಕ್ಕೆ. ಎರಡೂ ಕಿತ್ತಳೆ ಕುಬ್ಜಗಳು, ನಮ್ಮಿಂದ ಸುಮಾರು ಹದಿನಾರೂವರೆ ಜ್ಯೋತಿರ್ವರ್ಷ ದೂರ, 88 ವರ್ಷಕ್ಕೊಂದು ಸುತ್ತು. 1980ರ ದಶಕದ ಕೊನೆಯಲ್ಲಿ ಇವುಗಳ ನಡುವಿನ ಅಂತರ ಒಂದೂವರೆ ವಿಕಲೆಗೆ ಇಳಿದು, ಸಣ್ಣ ದೂರದರ್ಶಕಕ್ಕೆ ಎರಡೂ ಒಂದೇ ಎನ್ನುವಂತಾಗಿತ್ತು. ಈಗ ಆರೂವರೆ ವಿಕಲೆಯ ಆಸುಪಾಸು. ಹುಣ್ಣಿಮೆ ಚಂದ್ರನ ಅಗಲ 1800 ವಿಕಲೆ ಎಂದು ನೆನೆದರೆ ಇದೇನು ಮಹಾ ಅನ್ನಿಸಬಹುದು. ಆದರೆ ಮೂರಂಗುಲದ ಮಸೂರಕ್ಕೆ ಇಷ್ಟು ಧಾರಾಳ ಸಾಕು.

ಬೆಂಗಳೂರಿನ ಅಂಚಿನ ನಮ್ಮ ಚಂದಾಪುರದ ಆಕಾಶದಲ್ಲಿ ನೀಹಾರಿಕೆ, ಗೆಲಾಕ್ಸಿಗಳ ಆಸೆ ಬಿಡಬೇಕು. ಒಂದು ಕಡೆ ಹೊಸೂರು ರಸ್ತೆಯ ದೀಪ, ಇನ್ನೊಂದು ಕಡೆ ಬೊಮ್ಮಸಂದ್ರದ ಕಾರ್ಖಾನೆಗಳ ಬೆಳಕು. ಜೋಡಿ ನಕ್ಷತ್ರಗಳಿಗೆ ಮಾತ್ರ ಈ ಬೆಳಕಿನ ಹಂಗಿಲ್ಲ. ಅದರಲ್ಲೂ ಈ ಜೋಡಿ ನಮ್ಮ ನೆತ್ತಿಯಿಂದ ದಕ್ಷಿಣಕ್ಕೆ ಹತ್ತೇ ಡಿಗ್ರಿ ಸರಿದು ಹಾಯುತ್ತದೆ. ದಿಗಂತದ ಧೂಳು, ಹೊಗೆ ಅಷ್ಟೆತ್ತರಕ್ಕೆ ಅಡ್ಡ ಬರುವುದಿಲ್ಲ. ದೊಡ್ಡದರ ಮೈಶಾಖ ಸುಮಾರು 5300 ಕೆಲ್ವಿನ್, ಚಿಕ್ಕದರದ್ದು 4400. ಹಾಗಾಗಿ ಒಂದು ಹಳದಿಗೆ ವಾಲಿದ ಕಿತ್ತಳೆ, ಇನ್ನೊಂದು ಆಲೆಮನೆಯ ಬೆಲ್ಲದ ಬಣ್ಣ. ಹಳೆಯ ಕಾಲದ ವೀಕ್ಷಕರು ಚಿಕ್ಕದನ್ನು ನೇರಳೆ ಎಂದು ಬರೆದಿಟ್ಟದ್ದೂ ಉಂಟು. ಪ್ರಖರವಾದದ್ದರ ಪಕ್ಕದಲ್ಲಿ ಮಂಕಾದದ್ದನ್ನು ಇಟ್ಟಾಗ ಕಣ್ಣು ತಾನೇ ಕಲ್ಪಿಸಿಕೊಳ್ಳುವ ಬಣ್ಣ ಅದು.

ಈ ಜೋಡಿಯ ಚರಿತ್ರೆಯ ಒಂದು ಎಳೆ ನಮ್ಮ ಹೊಸೂರು ರಸ್ತೆಯ ಆ ತುದಿಗೇ ಬಂದು ಸೇರುತ್ತದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಮೂಲ ಮದರಾಸಿನ ನುಂಗಂಬಾಕಂನಲ್ಲಿದ್ದ ವೀಕ್ಷಣಾಲಯ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಖಗೋಳಜ್ಞನಾಗಿದ್ದ ಕ್ಯಾಪ್ಟನ್ ಡಬ್ಲ್ಯೂ. ಎಸ್. ಜೇಕಬ್ 1855ರಲ್ಲಿ ಒಂದು ಮಾತು ಹೇಳಿದ: 70ರ ಜೋಡಿ ಲೆಕ್ಕ ಹಾಕಿದ ದಾರಿಯಲ್ಲಿ ನಡೆಯುತ್ತಿಲ್ಲ, ಕಣ್ಣಿಗೆ ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರುವ ಸಂಭವ ಹೆಚ್ಚು. ಬೇರೆ ಸೂರ್ಯನಿಗೊಂದು ಗ್ರಹವಿದೆ ಎಂದು ಅಳತೆಯ ಆಧಾರದಲ್ಲಿ ವಾದಿಸಿದ ಮೊದಲಿಗರಲ್ಲಿ ಆತ ಒಬ್ಬ. ಅದೂ ಮದರಾಸಿನ ಸೆಕೆಯಲ್ಲಿ ಕೂತು!

ಗ್ರಹವೇನೂ ಇರಲಿಲ್ಲ. ಅಮೆರಿಕದ ಟಿ. ಜೆ. ಜೆ. ಸೀ 1896ರಲ್ಲಿ ಅದೇ ರಾಗ ಎತ್ತಿದ. 1899ರಲ್ಲಿ ಫಾರೆಸ್ಟ್ ಮೌಲ್ಟನ್ ಎಂಬ ಯುವಕ, ಅಂಥ ಮೂರನೆಯದು ಅಲ್ಲಿ ನೆಲೆ ನಿಲ್ಲಲಾರದು ಎಂದು ಗಣಿತದಿಂದ ತೋರಿಸಿದ. 1943ರಲ್ಲಿ ರಾಯ್ಲ್ ಮತ್ತು ಹೋಮ್‌ಬರ್ಗ್ ಎಂಬ ಖಗೋಳಜ್ಞರು ಮತ್ತೊಮ್ಮೆ ಗ್ರಹ ಕಂಡರು. ಸರಿಸುಮಾರು ಅದೇ ಹೊತ್ತಿಗೆ ಸ್ಟ್ರಾಂಡ್ ಎಂಬ ಖಗೋಳಜ್ಞ ಇನ್ನೊಂದು ಪ್ರಸಿದ್ಧ ಕಿತ್ತಳೆ ಜೋಡಿಯಲ್ಲೂ ಗ್ರಹ ಕಂಡ. 1838ರಲ್ಲಿ ಬೆಸೆಲ್ ದೂರ ಅಳೆದು ಹೆಸರುವಾಸಿಯಾದ ರಾಜಹಂಸ 61ರಲ್ಲಿ. ಎರಡೂ ಉಳಿಯಲಿಲ್ಲ.

ಜೇಕಬ್‌ನನ್ನು ನೋಡಿ ನಗುವವರು ಒಂದು ಲೆಕ್ಕ ಹಾಕಬೇಕು. ಈ ಜೋಡಿಯನ್ನು ವಿಲಿಯಂ ಹರ್ಷೆಲ್ ಗುರುತಿಸಿದ್ದು 1779ರಲ್ಲಿ. 1855ಕ್ಕೆ 76 ವರ್ಷ, ಎಂದರೆ ಒಂದು ಸುತ್ತೂ ಮುಗಿದಿರಲಿಲ್ಲ. ಅಂಡಾಕಾರದ ದಾರಿಯ ಒಂದು ಭಾಗವನ್ನು ಕಾಣದೆಯೇ ಇಡೀ ಕಕ್ಷೆಯನ್ನು ಎಳೆಯಬೇಕಿತ್ತು, ಅದೂ ಬೇರೆ ಬೇರೆ ಕಣ್ಣು ಬೇರೆ ಬೇರೆ ಉಪಕರಣದಲ್ಲಿ ತೆಗೆದ ಅಳತೆಗಳಿಂದ. ವಿಕಲೆಯ ಭಾಗಾಂಶದ ವ್ಯತ್ಯಾಸ ಎಳೆತದ್ದೋ ಕಣ್ಣಿನದ್ದೋ ಎಂದು ತೀರ್ಮಾನಿಸುವ ಧೈರ್ಯ ನನಗಂತೂ ಇಲ್ಲ. ನಕ್ಷತ್ರದ ತೊನೆದಾಟದಿಂದ ಕಾಣದ ಒಡನಾಡಿಯನ್ನು ಹಿಡಿಯಬಹುದೆಂಬ ಅವನ ದಾರಿ ಮಾತ್ರ ಸರಿಯಾಗಿತ್ತು. ಇಂದು ಗ್ರಹ ಹುಡುಕುವವರ ದೊಡ್ಡ ಅಸ್ತ್ರಗಳಲ್ಲಿ ಅದೂ ಒಂದು.

ನೋಡುವವರಿಗೆ ಗುರುತು: ಉರಗಧರನ ಬೀಟಾ ನಕ್ಷತ್ರದ ಪೂರ್ವಕ್ಕೆ, ರೋಹಿಣಿಯ ಸುತ್ತ ಇರುವಂಥದೇ ಪುಟ್ಟ 'ವಿ' ಇದೆ. ನಮ್ಮೂರಲ್ಲಿ ಅದಕ್ಕೆ ಬೈನಾಕ್ಯುಲರ್ ಬೇಕಾದೀತು. ಅದರಲ್ಲೇ 70 ಇದೆ. ಜೂನ್, ಜುಲೈ ರಾತ್ರಿಗಳು ಮೋಡಕ್ಕೆ ಮೀಸಲು. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ಎದ್ದು ನೂರು ಪಟ್ಟು ಹಿಗ್ಗಿಸಿ ನೋಡಿ. ಚಿಕ್ಕದರ ಬಣ್ಣ ಹೆಸರಿಸುವ ಮೊದಲು ಪಕ್ಕದವರನ್ನು ಕೇಳಬೇಡಿ.